ಹೇಳಬಾರದ ಹೆಸರು

ಗುಬ್ಬಿಯ ತೇಜಸ್ವಿನಿ ತುಮಕೂರಿನಲ್ಲಿ ಇತಿಹಾಸದ ಪಿಎಚ್‌ಡಿಗೆ ಸೇರಿದಾಗ, ಶಾಸನದ ಕಲ್ಲು ಹುಡುಕಿಕೊಂಡು ಅಲೆಯುವುದು ಬೇಡ, ಬದುಕಿರುವವರ ಬಾಯಿಂದಲೇ ಇತಿಹಾಸ ಕೇಳುತ್ತೇನೆ ಎಂದು ಹಟ ಹಿಡಿದಳು. ವಿಷಯ, ಕುಣಿಗಲ್ ಕೆರೆಯ ನೀರುಗಂಟಿಗಳು. ಅಂದರೆ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಅಂತ ಹಂಚುತ್ತಿದ್ದವರು. ಚಪ್ಪಲಿ ಸವೆಯುವಷ್ಟು ತಿರುಗಿದ ಮೇಲೆ ಒಬ್ಬರು ಸಿಕ್ಕಿದರು, ಗುರುಸಿದ್ದಯ್ಯ. ಸಿಕ್ಕಿ ಏನು ಬಂತು? ಲಕ್ವ ಹೊಡೆದು ಮಾತೇ ನಿಂತುಹೋಗಿತ್ತು. ನಡುಮನೆಯ ಮಂಚದಲ್ಲಿ ಮಲಗಿ ಸೂರು ನೋಡುತ್ತಿದ್ದರು.

ಮಾತು ಸಿಕ್ಕಿದ್ದು ಅವರ ಹೆಂಡತಿ ಸಿದ್ದಲಕ್ಷ್ಮಮ್ಮನ ಬಾಯಲ್ಲಿ. ಎಂಥ ಬಾಯಿ ಅದು! ಯಾವ ತೂಬು ಯಾವಾಗ ಕಿತ್ತುಹೋಯಿತು, ನೀರು ಕದ್ದು ತಿರುಗಿಸಿಕೊಂಡ ದೊಡ್ಡ ಮನುಷ್ಯ ಹೇಗೆ ಸಿಕ್ಕಿಬಿದ್ದ, ಎಲ್ಲವೂ ನಿನ್ನೆ ಮೊನ್ನೆ ಆದ ಹಾಗೆ. ಗಂಡನ ಜೊತೆ ಲಾಟೀನು ಹಿಡಿದು ಕಾಲುವೆಯುದ್ದಕ್ಕೂ ಓಡಾಡಿದವಳಲ್ಲವೇ. ತೇಜಸ್ವಿನಿ ಬಂದಳೆಂದರೆ ಮುದುಕಿಗೆ ಹಬ್ಬ. ಉಪ್ಪಿಟ್ಟು ತಂದಿಟ್ಟು, "ತಿನ್ನವ್ವ, ಓದೀ ಓದೀ ಸೊರಗೋಗಿದೀಯ" ಅನ್ನುತ್ತಿದ್ದಳು. ಸ್ವಂತ ಅಜ್ಜಿಯನ್ನು ಕಂಡೇ ಇರದ ಹುಡುಗಿ ಅವಳನ್ನು ಹಚ್ಚಿಕೊಂಡುಬಿಟ್ಟಳು.

ಈ ಸಂತೋಷಕ್ಕೆ ಕಲ್ಲು ಹಾಕಿದ್ದು ವಿಶ್ವವಿದ್ಯಾಲಯದ ನಿಯಮ. ಗೈಡ್ ಲಕ್ಷ್ಮೀನರಸಿಂಹಯ್ಯ ರೆಕಾರ್ಡಿಂಗ್ ಕೇಳಿ ತಲೆ ಅಲ್ಲಾಡಿಸಿದರು.

"ಬರೀ ‘ಅವ್ರು, ನಮ್ಮನೆಯವ್ರು’ ಅಂತಾರಲ್ಲಮ್ಮ. ಯಾರವ್ರು? ಆಕೆ ಬಾಯಲ್ಲೇ ಹೆಸರು ಬರ್ಬೇಕು. ಇಲ್ದಿದ್ರೆ ವೈವಾದಲ್ಲಿ ನಿನ್ನ ಚಾಪ್ಟರ್ ಎತ್ತಿ ಆಚೆಗೆ ಬಿಸಾಕ್ತಾರೆ."

ಮುಂದಿನ ಸಲ ಹೋದಾಗ ತೇಜಸ್ವಿನಿ ಫೋನನ್ನು ಮುಂದಿಟ್ಟು ಕೇಳಿಯೇಬಿಟ್ಟಳು. ಸಿದ್ದಲಕ್ಷ್ಮಮ್ಮ ಬೆಚ್ಚಿದಳು.

"ಗಂಡನ ಹೆಸ್ರು ಹೇಳುದ್ರೆ ಆಯಸ್ಸು ಕಮ್ಮಿಯಾಯ್ತದೆ ಕಣವ್ವ. ಮದ್ವೆ ದಿನ ಹೆಸ್ರು ಹೇಳುದ್ರೇನೇ ಒಳಿಕ್ಕೆ ಬುಡದು ಅಂತ ಎಲ್ಲಾರೂ ಬಾಗ್ಲಲ್ಲಿ ಅಡ್ಡ ಹಾಕುದ್ರು. ಆವತ್ತೂ ಬಾಯ್ ಬುಡ್ಲಿಲ್ಲ ನಾನು."

"ಅಯ್ಯೋ ಅಜ್ಜಿ, ಹಂಗೆಲ್ಲ ಏನೂ ಆಗಲ್ಲ. ನಮ್ಮಮ್ಮ ದಿನಾ ಅಪ್ಪನ ಹೆಸ್ರು ಹಿಡ್ದೇ ಕೂಗ್ತಾರೆ, ಅಪ್ಪ ಗುಂಡುಕಲ್ಲಿನಂಗೆ ಇದಾರೆ. ನನಗೋಸ್ಕರ ಒಂದೇ ಒಂದ್ಸಲ."

ಆ ‘ನನಗೋಸ್ಕರ’ ಒಂದನ್ನು ಅನ್ನಬಾರದಿತ್ತು. ಮುದುಕಿ ಅವಳ ಮುಖ ನೋಡಿದಳು, ಮಂಚದ ಕಡೆ ನೋಡಿದಳು. ಆಮೇಲೆ ತಲೆ ಮೇಲೆ ಸೆರಗು ಎಳೆದುಕೊಂಡು, ಮದುವಣಗಿತ್ತಿಯ ಹಾಗೆ ನಾಚಿಕೊಂಡು, "ಗುರುಸಿದ್ದಯ್ಯ" ಅಂದಳು. ಮಂಚದ ಮೇಲಿದ್ದವರ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ನಿಂತಿತು.

ಅದೇ ವಾರ ಗುರುಸಿದ್ದಯ್ಯ ತೀರಿಕೊಂಡರು.

ಡಾಕ್ಟರು ಎಂದೋ ಕೈಚೆಲ್ಲಿದ್ದರು. ಅದನ್ನೇ ತನಗೆ ತಾನು ಹೇಳಿಕೊಳ್ಳುತ್ತ ತೇಜಸ್ವಿನಿ ಬಸ್ಸಿನಲ್ಲಿ ಕುಣಿಗಲ್ಲಿಗೆ ಬಂದಳು. ದಾರಿಯಲ್ಲಿ ಗೈಡ್ ಫೋನು. "ಆಕೆ ಈಗ ಏನಂತಾರೋ ಅದನ್ನೂ ರೆಕಾರ್ಡ್ ಮಾಡ್ಕೊಮ್ಮ, ಜನರ ನಂಬಿಕೆ ಬಗ್ಗೆ ಒಳ್ಳೆ ಮೆಟೀರಿಯಲ್." ಓದಿದವರ ಬುದ್ಧಿಗೆ ಏನೆನ್ನಬೇಕೋ ದೇವರೇ ಬಲ್ಲ. ಅವಳು ಫೋನಿಟ್ಟಳು.

ಸಿದ್ದಲಕ್ಷ್ಮಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಉಂಡ್ಯಾ ಮಗ?" ಎಂದು ಕೇಳಿದಳು.

"ಅಜ್ಜಿ, ಅದು ಹೆಸರಿಂದ ಆಗಿದ್ದಲ್ಲ. ಡಾಕ್ಟ್ರೇ ಹೇಳಿದ್ರಲ್ಲ..."

"ನಿಂಗ್ ಗೊತ್ತಿರ್ಲಿಲ್ಲ ಬುಡು. ನಂಗ್ ಗೊತ್ತಿತ್ತಲ್ಲ."

ತೇಜಸ್ವಿನಿ ಗೋಡೆಗೊರಗಿ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಹತ್ತಿರ ಬಂದು ಕೂತಳು.

"ಅದು ಫೋನಲ್ಲಿ ಇನ್ನೂ ಐತಾ?"

"ಐತೆ ಅಜ್ಜಿ."

"ಅಳ್ಸುದ್ರೆ... ನಾನು ಹೇಳ್ದೇ ಇದ್ದಂಗೆ ಆಯ್ತದಾ?"

ಆಗುವುದಿಲ್ಲ ಎನ್ನಬೇಕಿತ್ತು. ಅಳಿಸಿದರೆ ಚಾಪ್ಟರ್ ಹೋಗುತ್ತದೆ, ಬಹುಶಃ ಪಿಎಚ್‌ಡಿಯೂ ಹೋಗುತ್ತದೆ ಎಂದು ತೇಜಸ್ವಿನಿಗೆ ಗೊತ್ತಿತ್ತು. ಹಾಳಾಗಿ ಹೋಗಲಿ ಅಂದುಕೊಂಡಳು. ಮುದುಕಿಗೆ ಕಾಣುವಂತೆ ಫೋನು ಹಿಡಿದು, ಅಳಿಸಿದಳು.

"ಹೋಯ್ತು ಅಜ್ಜಿ."

ಸಿದ್ದಲಕ್ಷ್ಮಮ್ಮ ತಿರುಗಿ ನಡುಮನೆಯ ಮಂಚ ನೋಡಿದಳು. ಹಾಸಿಗೆಯನ್ನೂ ತೆಗೆದಿದ್ದ ಬರೀ ಮಂಚ. ರೆಪ್ಪೆ ಹೊಡೆಯದೆ ಕಾದಳು. ಇತಿಹಾಸದಲ್ಲಿ ಎಂ.ಎ. ಮಾಡಿದ ತೇಜಸ್ವಿನಿಯೂ ಅವಳ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕಾದಳು.

"ಆಗ್ಲಿಲ್ಲ ಕಣವ್ವ" ಅಂದಳು ಮುದುಕಿ.