ನಡುಮನೆಯ ಮೂರು ಪಟ್ಟಿ

ನಡುಮನೆಯ ಮರದ ನೆಲವನ್ನು ಉಜ್ಜಿ ಮುಗಿಸಿದ ಪಾಲಿಶ್ ಮೇಸ್ತ್ರಿ ಸರಿಯಾಗಿ ಮಧ್ಯದಲ್ಲಿ ಮೂರು ಪಟ್ಟಿ ಬಳಿದ: ಬಣ್ಣವಿಲ್ಲದ ಬರೀ ಎಣ್ಣೆ, ನಸುಗೆಂಪು, ಕಡು ಕಂದು.

"ಮೂಲೇಲಿ ಹಚ್ಚಿ ನೋಡಬಾರದೇನಪ್ಪಾ?" ಎಂದೆ.

"ಮೂಲೇಲಿ ಎಲ್ಲಾ ಬಣ್ಣಾನೂ ಸಾಧುವೇ ಅಮ್ಮಾ. ಓಡಾಡೋ ಜಾಗದಲ್ಲಿ ಹಚ್ಚಿದ್ರೇ ಅದರ ಬಂಡವಾಳ ಬಯಲಾಗೋದು."

ಸೊಸೆಗೆ ಆರಿಸುವುದೇನೂ ಉಳಿದಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಕಡು ಕಂದು ನೆಲದ್ದೇ ಕನಸು. ಅದಕ್ಕೊಪ್ಪುವ ಪರದೆಗಳನ್ನೂ ಆಗಲೇ ಹೊಲಿಸಿಟ್ಟಿದ್ದಳು.

"ನನ್ನ ಓಟೂ ಕಪ್ಪಗಿರೋದಕ್ಕೇ. ಸೊಸೆ ಹೇಳಿದ್ದೇ ಕಾನೂನು!" ಎಂದು ನಮ್ಮ ಯಜಮಾನರು ಒಳಕೋಣೆಯಿಂದಲೇ ಕೂಗಿದರು.

ಇವರ ಕಣ್ಣು ಮಂಜಾಗುತ್ತಿರುವುದು ನನಗೊಬ್ಬಳಿಗೇ ಗೊತ್ತಿತ್ತು. ಮನೆಯಲ್ಲಿ ಬಾಯಿ ಬಿಡಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಪಟ್ಟಿಗಳು ಒಣಗಿದ ಮೇಲೆ ಇವರು ಚಹಾ ಕುಡಿಯಲು ನಡುಮನೆಗೆ ಬಂದರು. ಎಣ್ಣೆಯ ಪಟ್ಟಿ ದಾಟಿದರು, ನಸುಗೆಂಪನ್ನೂ ದಾಟಿದರು. ಕಡು ಕಂದಿನ ಮುಂದೆ ಗಕ್ಕನೆ ನಿಂತರು. ಗುಂಡಿಯ ಅಂಚು ಹುಡುಕುವವರಂತೆ ಕಾಲ್ಬೆರಳಿನಿಂದ ತಡವಿ, ಗೋಡೆ ಹಿಡಿದು ಬಳಸಿಕೊಂಡು ಬಂದರು.

"ಏನು ಮಾವ, ಪ್ರದಕ್ಷಿಣೆ ಹಾಕಿದ್ರಿ?"

"ಹಸಿ ಇದೆಯೇನೋ ಅಂತಮ್ಮಾ. ಪಾಪ, ಮೇಸ್ತ್ರಿ ಕೆಲಸ ಯಾಕೆ ಕೆಡಿಸಲಿ?"

ಮೇಸ್ತ್ರಿ ಬಾಯಿ ತೆರೆದ. ಸೊಸೆ ಒಮ್ಮೆ ನೋಡಿದ್ದೇ ಮುಚ್ಚಿದ. ಅವಳು ಕುಕ್ಕರಗಾಲಿನಲ್ಲಿ ಕುಳಿತು ಆ ಪಟ್ಟಿಯ ಮೇಲೆ ಅಂಗೈ ಊರಿದಳು. ಅಂಗೈಗೆ ಏನೂ ಅಂಟಲಿಲ್ಲ. ನನ್ನ ಮುಖ ನೋಡಿದಳು. ನಾನು ಲೋಟದೊಳಗೆ ಕಣ್ಣಿಟ್ಟೆ.

"ಮೇಸ್ತ್ರಿ, ಬರೀ ಎಣ್ಣೇನೇ ಹಚ್ಚಿಬಿಡಿ," ಎಂದು ಎದ್ದಳು. "ಕಪ್ಪು ನೆಲದ ಮೇಲೆ ಧೂಳು ಎದ್ದು ಕಾಣುತ್ತೆ. ಮೂರು ಹೊತ್ತೂ ಯಾರು ಒರೆಸ್ತಾರೆ?"

"ಹಾಗಾದ್ರೆ ನನ್ನ ಓಟು?"

"ಅದು ಅಸಿಂಧು ಮಾವ. ಒರೆಸೋರಿಗೆ ಮಾತ್ರ ಓಟು."

ಇವರು ನನ್ನತ್ತ ಬಾಗಿ, "ನೋಡಿದೆಯೇನೇ? ಇಷ್ಟು ವರ್ಷದ ಹಠ, ಒಂದು ಹಿಡಿ ಧೂಳಿಗೆ ಹೆದರಿಬಿಟ್ಟಿತು!" ಎಂದು ನಕ್ಕರು. ಸೊಸೆ ಅವರಿಗಿಂತ ಜೋರಾಗಿ ನಕ್ಕಳು.

ಈಗ ನೆಲ ಜೇನಿನ ಬಣ್ಣದ್ದು. ಇವರು ನಡುಮನೆಯ ನಟ್ಟನಡುವೆ ಕೈಬೀಸಿಕೊಂಡು ನಡೆಯುತ್ತಾರೆ. ಹೊಲಿಸಿಟ್ಟ ಪರದೆಗಳನ್ನು ಸೊಸೆ ಕಿಟಕಿಗೆ ಹಾಕಿಯೇಬಿಟ್ಟಳು. ನೆಲಕ್ಕೂ ಅವಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಬಂದವರೆಲ್ಲ ಅದನ್ನೇ ಹೇಳಿ ಹೋಗುತ್ತಾರೆ.

"ಎಷ್ಟು ಚೆನ್ನಾಗಿ ಒಪ್ಪಿದೆಯಮ್ಮಾ!" ಎನ್ನುವವರು ಇವರೊಬ್ಬರೇ.