ಬಲಿತ ಮೀನು

ಕಣಿವೆಯಿಂದ ಎದ್ದ ಮಂಜು ಹೊತ್ತೇರಿದ ಮೇಲೆ ಕರಗುವುದು ನಮ್ಮ ಬೆಟ್ಟದ ವಾಡಿಕೆ. ಹನ್ನೆರಡು ವರ್ಷದ ಹಿಂದೆ ಒಂದು ದಿನ ಎದ್ದ ಮಂಜು ಕರಗಲೇ ಇಲ್ಲ. ಮೊದಲು ಗೂಡಲೂರು ಮುಳುಗಿತು, ಆಮೇಲೆ ದೇವಾಲ. ಅಲ್ಲಿಯವರು ಪಾತ್ರೆ ಪಗಡ ಹೊತ್ತು ಎತ್ತರದ ಊರುಗಳಿಗೆ ಹತ್ತಿದರು. ಮಂಜು ನಮ್ಮ ಕಡೆಹಟ್ಟಿಯ ಕೆಳಗಿನ ಟೀ ತೋಟವನ್ನು ಮುಳುಗಿಸಿ, ಅದರ ಮೇಲಂಚಿನ ಬೇಲಿಗೆ ಮರ್ಯಾದೆ ಕೊಟ್ಟಂತೆ ಅಲ್ಲಿಯೇ ನಿಂತಿತು. ಇತ್ತಲಾರ್ ಒಂದು ದ್ವೀಪ, ವೆಲ್ಲಿಂಗ್ಟನ್ ಒಂದು ದ್ವೀಪ, ಮೂವತ್ತೆರಡು ಮನೆಯ ನಾವೂ ಒಂದು ದ್ವೀಪ. ಮಂಜಿನೊಳಗೆ ಮೀನು ಬಂತು. ಎಲ್ಲಿಂದ ಬಂತೆಂದು ತಿಳಿಯಲು ಒಂದು ಸಮಿತಿ ನೇಮಿಸಿದ್ದಾರೆ. ಸಮಿತಿಗೆ ಇನ್ನೂ ದೋಣಿ ಸಿಕ್ಕಿಲ್ಲ.

ಮೂರು ತಲೆಮಾರು ಟೀ ಎಲೆ ಕಿತ್ತ ಕೈಗಳಿಗೆ ಬಲೆ ಹಿಡಿಯುವುದು ಗೊತ್ತಿರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಮೀನುಗಳು ಮಂಜಿನಲ್ಲಿ ಮುಳುಗಿದ ಟೀ ಗಿಡಗಳ ನೆತ್ತಿಯ ಮೇಲೆ ಮಲಗಿರುತ್ತಿದ್ದವು. ಹೆಂಗಸರು ಸೊಂಟಮಟ್ಟದ ಮಂಜಿಗೆ ಇಳಿದು, ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಎರಡೂ ಕೈಯಲ್ಲಿ ಕಿತ್ತು ಬೆನ್ನ ಮೇಲಿನ ಬುಟ್ಟಿಗೆ ಎಸೆದರು.

ಮೇಸ್ತ್ರಿ ಚನ್ನಾಜಮ್ಮ. ನಲವತ್ತು ವರ್ಷ ಎಲೆ ಕೀಳುವವರ ಮೇಲ್ವಿಚಾರಣೆ ಮಾಡಿದ ಆಕೆ ಮೊದಲ ದಿನವೇ ದಿಬ್ಬದ ಮೇಲೆ ನಿಂತು ನೇಮ ಹೇಳಿದ್ದಳು: ಎಳೆಯದನ್ನು ಮಾತ್ರ ಕೀಳಬೇಕು, ಬೆರಳುದ್ದ ಮೀರಬಾರದು. ಬುಟ್ಟಿಯಲ್ಲಿ ದೊಡ್ಡದು ಕಂಡರೆ ತಾನೇ ಆರಿಸಿ ಮಂಜಿಗೆ ಎಸೆಯುತ್ತಿದ್ದಳು. ಬಲಿತ ಎಲೆಯನ್ನು ಫ್ಯಾಕ್ಟರಿಯವರು ಮುಟ್ಟುವುದಿಲ್ಲ ಎಂದ ಮೇಲೆ ಬಲಿತ ಮೀನು ಯಾರಿಗೆ ಬೇಕು?

ದೊಡ್ಡವು ಮುದಿಯಾಗಿ ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಮರಿಗಳು ದೊಡ್ಡವಾಗಲು ನಾವು ಬಿಡಲಿಲ್ಲ. ವರ್ಷ ವರ್ಷ ಬುಟ್ಟಿಗಳು ಹಗುರವಾದವು. ಮುದಿ ಮೀನುಗಳಿಗೆ ಮಾತ್ರ ನಮ್ಮ ಹೆದರಿಕೆಯೇ ಹೋಗಿ, ಕರುಗಳಂತೆ ಹೆಂಗಸರ ಮೊಣಕಾಲಿಗೆ ಮೈ ತಿಕ್ಕುತ್ತಿದ್ದವು. ಎಲ್ಲಕ್ಕಿಂತ ದೊಡ್ಡದಕ್ಕೆ ಊರೇ ‘ಯಜಮಾನ’ ಎಂದು ಹೆಸರಿಟ್ಟಿತ್ತು.

ನೇಮ ತಪ್ಪೆಂದು ಏಳನೆಯ ವರ್ಷದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಚನ್ನಾಜಮ್ಮನಿಗೆ ಯಾರೂ ಹೇಳಲಿಲ್ಲ. ಮೊದಲ ಮಳೆಗಾಲದಲ್ಲಿ, ಊರಲ್ಲಿ ಅಕ್ಕಿ ಮುಗಿದಾಗ, ಬಿತ್ತನೆಗೆ ಇಟ್ಟುಕೊಂಡಿದ್ದ ಆಲೂಗಡ್ಡೆಯನ್ನೆಲ್ಲ ಬೇಯಿಸಿ ಮೂವತ್ತೆರಡು ಮನೆಗೂ ಹಂಚಿದವಳು ಆಕೆ. ಅಂಥವಳಿಗೆ ತಪ್ಪು ತೋರಿಸುವುದಕ್ಕಿಂತ ಅರೆಹೊಟ್ಟೆಯಲ್ಲಿರುವುದು ನಮಗೆ ಸುಲಭವಾಗಿ ಕಂಡಿತು.

ಕಳೆದ ತಿಂಗಳು ವೆಲ್ಲಿಂಗ್ಟನ್ನಿನಿಂದ ಬರುವ ದೋಣಿಯಲ್ಲಿ ಒಂದು ಕಾಗದ ಬಂತು. ಮೂವತ್ತು ಕಿಲೋ ಮೀನು ತೂಗದ ಊರಿನಲ್ಲಿ ಇನ್ನು ಮುಂದೆ ದೋಣಿ ನಿಲ್ಲುವುದಿಲ್ಲ. ಅಕ್ಕಿ, ಮಾತ್ರೆ, ನರ್ಸು ಎಲ್ಲ ಬರುವುದು ಆ ದೋಣಿಯಲ್ಲೇ. ಚನ್ನಾಜಮ್ಮನ ಸೊಸೆ ಸುಧಾಳಿಗೆ ಎಂಟು ತಿಂಗಳು.

ಕಾಗದದ ಮಾತು ಜಾರಿಗೆ ಬಂದ ಗುರುವಾರ, ದೋಣಿ ಬರುವ ದಿನ, ಬೆಳಗ್ಗೆಯೇ ಊರಿನ ಹೆಂಗಸರೆಲ್ಲ ಇಳಿದು ಕಿತ್ತರು. ಸಿಕ್ಕಿದ್ದು ಹನ್ನೊಂದು ಕಿಲೋ. ದೋಣಿಯ ಅಧಿಕಾರಿ ಧರ್ಮಲಿಂಗಂ ತಕ್ಕಡಿಯನ್ನು ಎರಡು ಸಲ ತಟ್ಟಿ ನೋಡಿದ. ಚನ್ನಾಜಮ್ಮನನ್ನು ಅವನು ತಮಿಳಿನಲ್ಲಿ ಅಜ್ಜಿ ಎಂದೇ ಕರೆಯುತ್ತಿದ್ದ.

“ಇನ್ನೂ ಹತ್ತೊಂಬತ್ತು ಬೇಕು, ಪಾಟಿ. ನಾನೇನ್ ಮಾಡ್ಲಿ? ರೂಲು ಮೇಲಿಂದ ಬಂದದ್ದು.”

“ಮೇಲಿಂದ ಅಂದ್ರೆ ಎಲ್ಲಿಂದ ಸಾಮಿ?” ಎಂದ ಪಕ್ಕದ ಮನೆಯ ಬೆಟ್ಟಯ್ಯ. “ನಮಗಿಂತ ಮೇಲಿರೋದು ದೊಡ್ಡಬೆಟ್ಟ ಒಂದೇ ಕನಪ್ಪಾ.”

ಧರ್ಮಲಿಂಗಂ ನಗಲಿಲ್ಲ. ಮಂಜಿನ ಕಡೆ ಕೈ ತೋರಿಸಿದ. “ಅಲ್ಲಿ ಅಷ್ಟು ದೊಡ್ಡ ಮೀನು ಓಡಾಡ್ತಾ ಇದೆ. ಅದನ್ನ ಯಾಕೆ ಹಿಡಿಯಲ್ಲ?”

ಊರಿಗೆ ಊರೇ ಆಕಾಶ ನೋಡತೊಡಗಿತು.

“ಅದಾ? ಅದು ಕಹಿ ಸಾಮಿ,” ಎಂದ ಬೆಟ್ಟಯ್ಯ.

“ಮುಳ್ಳೂ ಜಾಸ್ತಿ,” ಎಂದಳು ಸುಧಾ.

“ವಾಯು ಆಗ್ತದೆ,” ಎಂದು ನಾನೂ ಸೇರಿಸಿದೆ. ಆ ಮೀನನ್ನು ನಾವ್ಯಾರೂ ತಿಂದೇ ಇರಲಿಲ್ಲ.

ಚನ್ನಾಜಮ್ಮ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲೆ ಆರಿಸುವಾಗಿನ ಅದೇ ನೋಟ. ಆಮೇಲೆ ಸುಧಾಳ ಹೊಟ್ಟೆಯನ್ನು ನೋಡಿದಳು. ಸೆರಗು ಸಿಕ್ಕಿಸಿಕೊಂಡು ಮಂಜಿಗೆ ಇಳಿದಳು.

“ಬಾ ಇಲ್ಲಿ,” ಎಂದು ಕರೆದಳು. ಹನ್ನೆರಡು ವರ್ಷ ತನ್ನನ್ನು ಎಸೆಯುತ್ತಲೇ ಬಂದ ಕೈಗೆ ಯಜಮಾನ ತಾನಾಗಿ ಬಂದು ತಲೆ ಕೊಟ್ಟ. ಬೆಟ್ಟಯ್ಯ ಓಡಿಹೋಗಿ ಬಾಲದ ಕಡೆ ಹಿಡಿದ. ಇಬ್ಬರೂ ಹೊತ್ತು ತಂದು ತಕ್ಕಡಿಯ ಹಲಗೆಯ ಮೇಲೆ ಬುಟ್ಟಿಯ ಪಕ್ಕಕ್ಕೆ ಮಲಗಿಸಿದರು. ಅವನೂ ಕೊಸರಾಡದೆ ಮಲಗಿದ.

ಮುಳ್ಳು ಇಪ್ಪತ್ತೆಂಟಕ್ಕೆ ನಿಂತಿತು.

ಧರ್ಮಲಿಂಗಂ ಜೇಬಿನಿಂದ ಪೆನ್ನು ತೆಗೆದ, ಮುಚ್ಚಳ ಬಿಚ್ಚಿದ, ಸುಧಾಳ ಕಡೆ ಒಮ್ಮೆ ನೋಡಿದ. ಆಮೇಲೆ ದೊಡ್ಡಬೆಟ್ಟ ಎಲ್ಲಿದೆಯೆಂದು ಹುಡುಕುವವನಂತೆ ದೂರ ನೋಡುತ್ತ, ಬಲಗಾಲಿನ ಬೂಟನ್ನು ಹಲಗೆಯ ಅಂಚಿಗೆ ಇಟ್ಟ.

“ಮೂವತ್ತೊಂದು,” ಎಂದ.

ಟೀ ಕಾಲದಲ್ಲಿ ಎಲೆ ತೂಗುವವರು ಹಲಗೆಯ ಕೆಳಗೆ ಕಾಲು ಕೊಟ್ಟು ತೂಕ ಇಳಿಸಿದ್ದನ್ನು ನಾವು ಕಂಡಿದ್ದೆವು. ಕಾಲು ಹಲಗೆಯ ಮೇಲೆ ಬಂದದ್ದು ಇದೇ ಮೊದಲು.

“ದೊಡ್ಡದನ್ನ ದೋಣಿಗೆ ಹಾಕ್ಲಾ, ಪಾಟಿ?”

“ಯಾಕಪ್ಪಾ? ತೂಕ ಆಯ್ತಲ್ಲ. ಕಾಗದದಲ್ಲಿ ತೂಗಬೇಕು ಅಂತ ತಾನೆ ಇರೋದು?”

ಅವನು ಕಾಗದ ಬಿಡಿಸಿ ಕೊನೆಯವರೆಗೂ ಓದಿದ. “ಹೌದು ಪಾಟಿ. ತೂಗೋದು ಅಷ್ಟೇ ಬರೆದಿದೆ.”

ಮರಿಗಳ ಬುಟ್ಟಿಯೊಂದನ್ನೇ ತೆಗೆದುಕೊಂಡು, ಮುಂದಿನ ಗುರುವಾರ ನರ್ಸಮ್ಮನನ್ನು ಕರೆತರುತ್ತೇನೆಂದು ಹೇಳಿ ಅವನು ಹೊರಟ. ಬೆಟ್ಟಯ್ಯ ಯಜಮಾನನನ್ನು ಮಂಜಿಗೆ ಬಿಟ್ಟ.

ಚನ್ನಾಜಮ್ಮ ದಿಬ್ಬ ಹತ್ತಿ ನಿಂತಳು. ಸೀರೆಯಿಂದ ಇನ್ನೂ ಮಂಜು ಸೋರುತ್ತಿತ್ತು.

“ನಾಳೆಯಿಂದ ಎಳೇದನ್ನ ಯಾರೂ ಮುಟ್ಟಬಾರ್ದು. ಮೊಳ ಮೀರಿದ್ದು ಮಾತ್ರ ಕೀಳಬೇಕು. ಎಳೇದನ್ನೇ ತಿಂದು ಮುಗಿಸಿದ್ರೆ ಹುಟ್ಟೋ ಮಕ್ಕಳು ಏನ್ ತಿಂತಾವೆ? ಹನ್ನೆರಡು ವರ್ಷದಿಂದ ಬಡ್ಕೊಂಡೆ. ಒಬ್ಬರಾದ್ರೂ ಕೇಳಿದ್ರಾ?”



“ತಪ್ಪು ನಮ್ದೇ, ಅತ್ತೆ,” ಎಂದಳು ಸುಧಾ.

“ಕಿವಿಗೆ ಮಂಜು ತುಂಬ್ಕೊಂಡಿತ್ತು ಅಕ್ಕೋ,” ಎಂದ ಬೆಟ್ಟಯ್ಯ.

ಚನ್ನಾಜಮ್ಮ ತಲೆಯಾಡಿಸಿ ದೊಡ್ಡ ಮನಸ್ಸಿನಿಂದ ನಮ್ಮನ್ನೆಲ್ಲ ಕ್ಷಮಿಸಿದಳು. ದಿಬ್ಬ ಇಳಿಯುವಾಗ ಮಾತ್ರ ಆಕೆ ಒದ್ದೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಸುಧಾ ಆಕೆಯ ಕೈ ಹಿಡಿದುಕೊಂಡಳು.

“ಇವತ್ತು ಚಳಿ ಜಾಸ್ತಿ ಅಲ್ವಾ ಅತ್ತೆ,” ಎಂದು ತನ್ನ ಶಾಲು ತೆಗೆದು ಅತ್ತೆಗೆ ಹೊದಿಸಿದಳು.