ಐದೂವರೆಯ ವಾರ್ತೆ

“ಅಲ್ರೀ, ಕಿವಿ ಕೇಳದವರಿಗೆ ಟಿ.ವಿ. ಯಾಕೆ?”

ಅಕ್ಕ ಇರುವ ಕಟ್ಟಡದ ಸೆಕ್ರೆಟರಿ ಫೋನಿನಲ್ಲಿ ಈ ಮಾತು ಆಡಿದಾಗ ನಾನು ಯಾರದೋ ಮಾಳಿಗೆಯ ಮೇಲೆ, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು, ಆಂಟೆನಾ ಕಂಬಕ್ಕೆ ತಂತಿ ಬಿಗಿಯುತ್ತಿದ್ದೆ. ಮೊಳೆ ನುಂಗದೆ ಉಳಿದದ್ದೇ ಹೆಚ್ಚು. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕಸುಬು ನನ್ನದು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅವತ್ತು ಅದು ಮೂಗನ್ನೂ ದಾಟಿತ್ತು.

“ನಾಲ್ಕು ಗಂಟೆಗೆ ಬರ್ತೀನಿ. ಮಾಳಿಗೆ ಬೀಗದ ಕೈ ಹಿಡ್ಕೊಂಡು ನಿಂತಿರಿ,” ಎಂದೆ. “ಆ ಮಾತನ್ನ ನನ್ನೆದುರು ಇನ್ನೊಂದ್ಸಲ ಆಡಿ, ನೋಡೋಣ.”

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತಳಾದಳು. ಒಬ್ಬಳೇ ಇರುವುದು ಅವಳೇ ಆರಿಸಿಕೊಂಡದ್ದು; ನಮ್ಮ ಮನೆಗೆ ಬಂದಿರು ಎಂದು ಕರೆದಾಗಲೆಲ್ಲ ‘ನಿನ್ನ ಗಲಾಟೆ ನನಗೆ ಕಣ್ಣಿಗೇ ಕೇಳಿಸುತ್ತದೆ’ ಎಂದು ಚೀಟಿ ಬರೆದು ಕೊಡುತ್ತಿದ್ದಳು. ದಿನಾ ಸಂಜೆ ಐದೂವರೆಗೆ ನಮ್ಮ ಊರಿನ ಪ್ರಸಾರ ಕೇಂದ್ರದಿಂದ ಸನ್ನೆ ಭಾಷೆಯ ವಾರ್ತೆ ಬರುತ್ತದೆ. ಮೂಲೆಯ ಅಂಗೈಯಗಲದ ಚೌಕದಲ್ಲಲ್ಲ, ಪರದೆ ತುಂಬ ಒಬ್ಬ ಹೆಂಗಸು ನಿಂತು ಕೈಯಲ್ಲೇ ಎಲ್ಲ ಹೇಳುತ್ತಾಳೆ. ಕೇಬಲ್‌ನವರು ಆ ವಾಹಿನಿ ಕೊಡುವುದಿಲ್ಲ. ಆಂಟೆನಾ ಇದ್ದರಷ್ಟೇ ಉಂಟು. ಅಕ್ಕ ಮತ್ತು ಅವಳ ಜೊತೆ ಓದಿದ ಏಳೆಂಟು ಜನ ತಮ್ಮ ತಮ್ಮ ಮನೆಯಲ್ಲಿ ಅದನ್ನು ನೋಡಿ, ಆಮೇಲೆ ಫೋನಿನ ಪರದೆಯಲ್ಲಿ ಸೇರಿ ಒಂದು ಗಂಟೆ ಜಗಳವಾಡುತ್ತಾರೆ. ದಿನದ ಇಪ್ಪತ್ತಮೂರೂ ಮುಕ್ಕಾಲು ಗಂಟೆ ಲೋಕ ಅವಳ ಜೊತೆ ನಮ್ಮ ಭಾಷೆಯಲ್ಲಿ ವ್ಯವಹರಿಸುತ್ತದೆ. ಆ ಕಾಲು ಗಂಟೆ ಮಾತ್ರ ಅವಳ ಭಾಷೆಯಲ್ಲಿ.

ಮೂರು ವಾರದಿಂದ ಆ ಕಾಲು ಗಂಟೆಗೆ ಕಲ್ಲು ಬಿದ್ದಿತ್ತು. ಹಳೆಯ ಕಾಲದ ಟಿ.ವಿ.ಯಲ್ಲಿ ಸಿಗ್ನಲ್ ಸೋತರೆ ಚುಕ್ಕಿ ಚುಕ್ಕಿಯಾಗಿಯಾದರೂ ಮುಖ ಕಾಣುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯವಿಲ್ಲ. ಬಂದರೆ ಕನ್ನಡಿಯ ಹಾಗೆ, ಕೆಟ್ಟರೆ ಚೂರುಚೂರು. ವಾರ್ತೆ ಹೇಳುವ ಹೆಂಗಸಿನ ಕೈ ಎದೆಯ ಹತ್ತಿರ ಎದ್ದು, ಅಲ್ಲೇ ಚೌಕ ಚೌಕವಾಗಿ ಒಡೆದು, ಮುಂದಿನ ಕ್ಷಣಕ್ಕೆ ಇನ್ನೆಲ್ಲೋ ಇರುತ್ತಿತ್ತು. ನಮಗಾದರೆ ಅದು ಕೆಟ್ಟ ಚಿತ್ರ. ಅಕ್ಕನಿಗೆ ಅದು ಗಂಟಲು ಹಿಸುಕಿದ ಮಾತು.

ಮೂರು ವಾರದ ಹಿಂದೆ ಪ್ರಸಾರದವರು ಹೊಸ ಗೋಪುರ ಶುರು ಮಾಡಿದ್ದರು. ಹಳೆಯದು ನಲವತ್ತು ಕಿಲೋಮೀಟರ್ ಆಚೆ ಇತ್ತು. ಹೊಸದು ಇಲ್ಲೇ, ನೀರಿನ ಟ್ಯಾಂಕಿನ ಹಿಂದಿನ ಗುಡ್ಡದ ಮೇಲೆ. ಅಕ್ಕನ ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅದು ಶುರುವಾದ ದಿನವೇ ನಾನು ಆ ಕಟ್ಟಡದ ಮಾಳಿಗೆ ಹತ್ತಿ, ಎಲ್ಲ ಮನೆಗಳಿಗೂ ಒಂದೇ ಆಗಿದ್ದ ದೊಡ್ಡ ಆಂಟೆನಾವನ್ನು ಗುಡ್ಡದ ಕಡೆ ತಿರುಗಿಸಿ ಬಂದಿದ್ದೆ. ಹನ್ನೆರಡು ಮನೆಯಲ್ಲಿ ಹನ್ನೊಂದಕ್ಕೆ ಹಾಲಿನಂಥ ಚಿತ್ರ. ಕೆಟ್ಟದ್ದು ಅಕ್ಕನ ಮನೆಯದೊಂದೇ. ಹಾಗಾದರೆ ಯಾರದೋ ಕೈವಾಡ ಇರಲೇಬೇಕು ತಾನೆ?

ಯಾರದು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಮಾಳಿಗೆಯ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುವವನು ಸೆಕ್ರೆಟರಿ ಒಬ್ಬನೇ. ಅವನಿಗೂ ಅಕ್ಕನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹಿಂದಿನ ತಿಂಗಳು ಅವನು ಕೆಳಗಿನ ಹಲಗೆಗೆ ನೀರಿನ ಬಗ್ಗೆ ಒಂದು ಸೂಚನೆ ಅಂಟಿಸಿದ್ದ. ಅಕ್ಕ ಅದರಲ್ಲಿ ಹದಿನೇಳು ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಕೆಳಗೆ ‘ಮತ್ತೊಮ್ಮೆ ಕರಡು ಕಳಿಸಿ’ ಎಂದು ಬರೆದಿದ್ದಳು. ಇಡೀ ಕಟ್ಟಡ ನಕ್ಕಿತ್ತು. ಅಂಥವನು ಸುಮ್ಮನಿರುತ್ತಾನೆಯೇ?

ನಾಲ್ಕಕ್ಕೆ ಅಕ್ಕನ ಮನೆಗೆ ಹೋದೆ. ಅವಳು ಮಲಗುವ ಕೋಣೆಯಲ್ಲಿ ಕುರ್ಚಿ ಹತ್ತಿ, ಬೀರುವಿನ ಮೇಲೆ ಏನೋ ಮಾಡುತ್ತಿದ್ದಳು. ನೋಡಿದರೆ ಬೂಸ್ಟರ್! ಹನ್ನೊಂದು ವರ್ಷದ ಹಿಂದೆ ಅವಳಿಗೆಂದೇ ಒಳ್ಳೆಯದು ಹುಡುಕಿ ತಂದು ನಾನೇ ಕೂರಿಸಿದ್ದು. ದೂರದಿಂದ ಸೋತು ಬರುವ ಸಿಗ್ನಲ್ಲಿಗೆ ಶಕ್ತಿ ತುಂಬುವ ಡಬ್ಬಿ. ಅದರ ಪ್ಲಗ್ಗು ಕಿತ್ತಿದ್ದಳು. ಒಳಕ್ಕೆ ಬರುವ ತಂತಿ, ಹೊರಕ್ಕೆ ಹೋಗುವ ತಂತಿ ಎರಡನ್ನೂ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು.

“ಅಯ್ಯೋ, ಇದನ್ನ ಯಾಕೆ ಮುಟ್ಟಕ್ಕೆ ಹೋದೆ? ಇರೋದೂ ಹೋಗುತ್ತೆ!”

ಅವಳನ್ನು ಕೆಳಗಿಳಿಸಿ, ನಾನೇ ಕುರ್ಚಿ ಹತ್ತಿ, ಎರಡೂ ತಂತಿಗಳನ್ನು ಮತ್ತೆ ಬಿಗಿದೆ. ಪ್ಲಗ್ಗು ಹಾಕಿದೆ. ಇನ್ನೊಮ್ಮೆ ಕೀಳಬಾರದೆಂದು ಸುತ್ತ ಕಪ್ಪು ಟೇಪು ಸುತ್ತಿದೆ. ಅವಳು ಅಂಗಿ ಎಳೆದಳು. ಇರು, ಎಂದೆ. ಮತ್ತೆ ಎಳೆದಳು. ಹಜಾರಕ್ಕೆ ಬಂದು ಟಿ.ವಿ. ಹಾಕಿ ಪರದೆಯಲ್ಲಿ ಸಿಗ್ನಲ್ ತೋರಿಸುವ ಪುಟ ತೆರೆದೆ. ಸಿಗ್ನಲ್ಲಿನ ಶಕ್ತಿ ನೂರಕ್ಕೆ ನೂರು. ಗುಣಮಟ್ಟ ಮಾತ್ರ ಹನ್ನೆರಡು, ಒಂಬತ್ತು, ಹದಿನಾಲ್ಕು ಎಂದು ಕುಣಿಯುತ್ತಿತ್ತು. ಅಕ್ಕ ನನ್ನ ಮತ್ತು ಪರದೆಯ ನಡುವೆ ಬಂದು ನಿಂತು ಎರಡೂ ಕೈ ಆಡಿಸತೊಡಗಿದಳು. ಅವಳ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದೆ.

“ಗೊತ್ತಾಯ್ತು, ಗೊತ್ತಾಯ್ತು. ಅವನಿಗೆ ಇವತ್ತು ಮಾಡ್ತೀನಿ.”

ನಾನು ಮಾತಾಡುತ್ತಿದ್ದದ್ದು ಟಿ.ವಿ.ಯ ಕಡೆ ಮುಖ ಮಾಡಿಕೊಂಡು; ತುಟಿ ನೋಡಿ ಮಾತು ಹಿಡಿಯುವ ಅವಳಿಗೆ ಅದೂ ಕಾಣುತ್ತಿರಲಿಲ್ಲ. ಉಪಕರಣಗಳ ಚೀಲವನ್ನು ಅಲ್ಲೇ ಬಿಟ್ಟು, ಕೈ ಮೀಟರನ್ನೂ ಒಂದು ಇಕ್ಕಳವನ್ನೂ ಮಾತ್ರ ಹಿಡಿದು ಮೆಟ್ಟಿಲು ಹತ್ತಿದೆ.

ಸೆಕ್ರೆಟರಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮಾಳಿಗೆಯ ಬಾಗಿಲಲ್ಲಿ ನಿಂತಿದ್ದ.

“ನೋಡ್ರೀ, ಎಲ್ಲರ ಮನೇಲೂ ಚೆನ್ನಾಗಿ ಬರ್ತಿದೆ. ನಿಮ್ಮಕ್ಕನ ಮನೆ ಒಳಗೇ ಏನೋ ತೊಂದರೆ ಇರ್ಬೇಕು,” ಎಂದ.

“ಒಳಗಡೆ ವೈರಿಂಗ್ ಮಾಡಿದ್ದು ನಾನು!”

“ಅದಕ್ಕೇನೀಗ?”

“ನಾನು ಮಾಡಿದ್ದು ಅಂದ್ರೆ ಅಲ್ಲಿ ತಪ್ಪಿರಲ್ಲ ಅಂತ ಅರ್ಥ!”

ಆಂಟೆನಾದಿಂದ ಬಂದ ತಂತಿ ಹನ್ನೆರಡಾಗಿ ಒಡೆಯುವ ಪೆಟ್ಟಿಗೆ ತೆರೆದು, ಒಂದು ಗಂಟೆ ಕೂತು ಒಂದೊಂದಕ್ಕೂ ಮೀಟರ್ ಹಿಡಿದೆ. ಹನ್ನೆರಡೂ ಒಂದೇ ಸಮ, ಒಂದಕ್ಕಿಂತ ಒಂದು ಚೆಂದ. ಯಾವನಿಗಾದರೂ ಅಲ್ಲಿಗೆ ತಲೆ ತಣ್ಣಗಾಗಬೇಕಿತ್ತು. ನನಗೆ ಇನ್ನಷ್ಟು ಏರಿತು. ಮಾಳಿಗೆಯಲ್ಲಿ ಸರಿ ಇದ್ದರೆ ನಡುದಾರಿಯಲ್ಲಿ ತಂತಿಗೆ ಮೊಳೆ ಹೊಡೆದಿದ್ದಾನೆ ಎಂದು ತೀರ್ಮಾನಿಸಿದೆ.

“ಮೆಟ್ಟಿಲ ಹತ್ರ ಹೂಕುಂಡ ನೇತುಹಾಕೋಕೆ ಮೊಳೆ ಹೊಡೆದಿದ್ದು ಯಾರು?”

“ನಾನೇ. ಅದಕ್ಕೂ ಟಿ.ವಿ.ಗೂ...”

“ಕೇಳಿಸ್ಕೊಳ್ರಪ್ಪಾ ಎಲ್ರೂ! ತಾನೇ ಒಪ್ಕೊಂಡ! ಒಂಟಿ ಹೆಂಗಸು, ಬಾಯಿಲ್ಲ ಅಂತ ಹೀಗೆ ಮಾಡ್ತೀಯಾ? ಹದಿನೇಳು ತಪ್ಪು ಬರೆದೋನಿಗೆ ಹದಿನೆಂಟನೇದು ಹೆಚ್ಚಾ? ಥೂ, ನಿನ್ನ ಜನ್ಮಕ್ಕಿಷ್ಟು!”

ಬಾಗಿಲುಗಳು ತೆರೆದವು. ಮೂರೂ ಅಂತಸ್ತಿನ ಜನ ಮೆಟ್ಟಿಲಿಗೆ ಬಂದರು. ನಾನು ಹೂಕುಂಡವನ್ನು ಇಳಿಸಿ, ಮೊಳೆಯನ್ನು ಇಕ್ಕಳದಲ್ಲಿ ಕಿತ್ತು, ಅವನ ಕಾಲ ಬಳಿ ಎಸೆದೆ. ಅವನ ಮುಖ ಕೆಂಪಾಯಿತು. ಅವನ ಹೆಂಡತಿ, “ಒಳಗೆ ಬನ್ನಿ, ಹುಚ್ಚರ ಜೊತೆ ಏನು?” ಎಂದು ಅವನ ತೋಳು ಹಿಡಿದಳು. ಗೆದ್ದವನ ಹಾಗೆ ನಾನು ಕೆಳಗಿಳಿದೆ. ಇನ್ನೇನು, ತಂತಿಯನ್ನೇ ಪೂರ್ತಿ ಬದಲಿಸುವುದು.

ಅಕ್ಕನ ಮನೆಯ ಬಾಗಿಲು ತೆರೆದರೆ ಟಿ.ವಿ. ಕನ್ನಡಿಯ ಹಾಗೆ ಬರುತ್ತಿತ್ತು.

ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ಅಂಕಿ ಇನ್ನೂ ಇತ್ತು. ಗುಣಮಟ್ಟ ತೊಂಬತ್ತಾರು. ನನ್ನ ಚೀಲ ಬಾಯಿ ತೆರೆದು ಬಿದ್ದಿತ್ತು. ಪಕ್ಕದಲ್ಲಿ ಬೂಸ್ಟರ್, ಅದರ ಮೇಲೆ ಕತ್ತರಿಸಿದ ಕಪ್ಪು ಟೇಪಿನ ಸುರುಳಿ. ನನ್ನ ಚೀಲದಿಂದಲೇ ಎರಡು ತಂತಿಗಳನ್ನು ಕೂಡಿಸುವ ಹಿತ್ತಾಳೆಯ ತುಂಡು ತೆಗೆದು, ಡಬ್ಬಿಯನ್ನು ಬಿಟ್ಟು ತಂತಿಗೆ ತಂತಿ ನೇರ ಸೇರಿಸಿದ್ದಳು. ಮೇಜಿನ ಮೇಲೆ ಪ್ರಸಾರದವರ ಒಂದು ಕರಪತ್ರ ಇತ್ತು. ‘ಹೊಸ ಗೋಪುರದ ಐದು ಕಿಲೋಮೀಟರ್ ಒಳಗಿರುವವರು ಬೂಸ್ಟರ್ ತೆಗೆದುಹಾಕಿ’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ.

ಆ ಕರಪತ್ರ ನನಗೂ ಬಂದಿತ್ತು. ಇಪ್ಪತ್ತೊಂಬತ್ತು ವರ್ಷದ ಅನುಭವಕ್ಕೆ ಇವರ ಕಾಗದ ಪಾಠ ಹೇಳಬೇಕೇ ಎಂದು ಓದದೆ ಮುದುರಿ ಎಸೆದಿದ್ದೆ.

ಅತಿಯಾದರೆ ಅಮೃತವೂ ವಿಷ. ಹತ್ತಿರದ ಗೋಪುರದಿಂದ ತುಂಬಿ ಬರುತ್ತಿದ್ದ ಸಿಗ್ನಲ್ಲಿಗೆ ಆ ಡಬ್ಬಿ ಇನ್ನಷ್ಟು ತುಂಬಿ, ಟಿ.ವಿ.ಯ ಕಿವಿಯಲ್ಲಿ ಕಿರುಚುತ್ತಿತ್ತು. ಶಕ್ತಿ ನೂರು, ಗುಣ ಒಂಬತ್ತು: ಈ ರೋಗವನ್ನು ಬೇರೆಯವರ ಮನೆಯಲ್ಲಾಗಿದ್ದರೆ ಎರಡು ನಿಮಿಷದಲ್ಲಿ ಹಿಡಿದು, ‘ಯಾವ ಕತ್ತೆ ಇಲ್ಲಿ ಬೂಸ್ಟರ್ ಹಾಕಿದ್ದು?’ ಎಂದು ಬೈಯುತ್ತಿದ್ದೆ. ಈ ಕತ್ತೆ ನಾನೇ. ನಾನು ಕೂರಿಸಿದ್ದು ತಪ್ಪಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಅವಳು ಸರಿಮಾಡುತ್ತಿದ್ದದ್ದನ್ನು ಕೆಡಿಸಿ, ಟೇಪು ಸುತ್ತಿ ಹೋಗಿದ್ದೆ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

“ತಪ್ಪಾಯ್ತಕ್ಕಾ,” ಎಂದೆ.

ಅವಳ ಬೆನ್ನು ನನ್ನ ಕಡೆ ಇತ್ತು. ಐದೂವರೆಯ ವಾರ್ತೆ ಶುರುವಾಗಿತ್ತು. ನನ್ನ ಕ್ಷಮೆ ಅವಳಿಗೆ ಕಾಣಬೇಕಾದರೆ ನಾನು ಪರದೆಗೆ ಅಡ್ಡ ನಿಲ್ಲಬೇಕು. ಅಷ್ಟು ಧೈರ್ಯ ಬರಲಿಲ್ಲ. ಕಾಲು ಗಂಟೆ ಬಾಗಿಲಲ್ಲೇ ನಿಂತಿದ್ದೆ. ಪರದೆಯ ಹೆಂಗಸು ಏನೋ ಹೇಳಿದಳು, ಅಕ್ಕ ಒಮ್ಮೆ ಜೋರಾಗಿ ನಕ್ಕಳು. ಏನಕ್ಕೆಂದು ನನಗೆ ತಿಳಿಯಲಿಲ್ಲ.

ವಾರ್ತೆ ಮುಗಿದ ಮೇಲೆ ಅವಳು ಎದ್ದು ನನ್ನ ಎದುರು ಬಂದಳು. ಕಣ್ಣು ಕೆಂಡವಾಗಿತ್ತು. ಚೀಟಿ ಬರೆಯುವ ಪುಸ್ತಕ ತೆಗೆದು, ಕಾಗದ ಹರಿಯುವಷ್ಟು ಒತ್ತಿ ಬರೆದಳು.

‘ನಿನ್ನ ಜಗಳವನ್ನೆಲ್ಲ ನಾನು ಬಾಗಿಲಲ್ಲಿ ನಿಂತು ನೋಡಿದೆ. ನೀನು ನನ್ನ ಹೆಸರಲ್ಲಿ ಊರೆಲ್ಲ ಬೈದು ಬಂದೆ. ನನ್ನನ್ನು ಒಂದು ಮಾತು ಕೇಳಿದೆಯಾ?’

ಪೆನ್ನು ಕೈಗೆ ತೆಗೆದುಕೊಂಡು, ಸೆಕ್ರೆಟರಿ ಫೋನಿನಲ್ಲಿ ಆಡಿದ ಮಾತನ್ನು ಬರೆದು ತೋರಿಸಿದೆ. ನನ್ನ ಕೋಪಕ್ಕೆ ಕಾರಣವಿತ್ತೆಂದು ಅವಳಿಗೆ ತಿಳಿಯಲಿ ಎಂದು. ಅವಳು ಓದಿದಳು. ಎರಡು ಸಲ ಓದಿದಳು. ಆಮೇಲೆ ಕೆಳಗೆ ಬರೆದಳು: ‘ನಡಿ. ಅವನಿಗೆ ಉತ್ತರ ನಾನು ಕೈಯಲ್ಲಿ ಕೊಡುತ್ತೇನೆ. ನೀನು ಅದನ್ನು ಬಾಯಲ್ಲಿ ಹೇಳು.’

“ಬರೆದೇ ಕೊಡಬಹುದಲ್ಲಾ,” ಎಂದು ಪುಸ್ತಕವನ್ನು ಅವಳ ಕಡೆ ಚಾಚಿದೆ.

‘ಜೀವಮಾನವಿಡೀ ನಿಮಗೆ ಬರೆದು ಕೊಟ್ಟಿದ್ದೇನೆ. ಇವತ್ತು ಇಲ್ಲ,’ ಎಂದು ಬರೆದು ಪುಸ್ತಕವನ್ನು ಮೇಜಿನ ಮೇಲೆ ಬಿಸಾಕಿದಳು.

ಒಂದು ಅಂತಸ್ತು ಇಳಿದು ಸೆಕ್ರೆಟರಿಯ ಮನೆಯ ಗಂಟೆ ಒತ್ತಿದವಳು ಅವಳೇ. ಅವನು ಬಾಗಿಲು ತೆರೆದ, ಜಗಳಕ್ಕೆ ಸಿದ್ಧನಾಗಿ.

“ಸಾರ್, ತಪ್ಪು ನಂದೇ,” ಎಂದೆ. “ನಾನು ಹಾಕಿದ ಬೂಸ್ಟರ್‌ನಿಂದ ಆಗಿದ್ದು. ನೀವೇನೂ ಮಾಡಿಲ್ಲ. ಎಲ್ಲರೆದುರು ಬೈದೆ, ಎಲ್ಲರೆದುರೇ ಕ್ಷಮೆ ಕೇಳ್ತೀನಿ.”

ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಅಷ್ಟರಲ್ಲಿ ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಶುರು ಮಾಡಿದಳು.

ಅವಳ ಕೋಪ ನನ್ನದರಂತೆ ಹರಿದಾಡುವ ಕೋಪವಲ್ಲ. ಕೈಗಳು ಬಿಗಿಯಾಗಿ, ಒಂದೂ ತಪ್ಪದೆ ಚಲಿಸುತ್ತಿದ್ದವು. ಕಿವಿ ಮುಟ್ಟಿದಳು, ಅವನ ಮನೆಯ ಟಿ.ವಿ. ತೋರಿಸಿದಳು, ಎದೆಗೆ ಬಡಿದುಕೊಂಡಳು, ಬೆರಳುಗಳನ್ನು ಹೆಣೆದು ಬಿಡಿಸಿದಳು. ಒಂದು ಕಡೆ ‘ತಮ್ಮ’ ಎಂದಳು, ಅದು ನನಗೆ ತಿಳಿಯಿತು. ಚಿಕ್ಕಂದಿನಲ್ಲಿ ನಾವಿಬ್ಬರೂ ಮನೆಯಲ್ಲೇ ಕಟ್ಟಿಕೊಂಡಿದ್ದ ಸನ್ನೆಗಳು ಇಪ್ಪತ್ತೋ ಮೂವತ್ತೋ: ಊಟ, ನಿದ್ದೆ, ಅಮ್ಮ, ಬಾ. ಅವಳು ಶಾಲೆಗೆ ಹೋಗಿ ಒಂದು ಇಡೀ ಭಾಷೆ ಕಲಿತು ಬಂದಳು. ನಾನು ಆ ಮೂವತ್ತರಲ್ಲೇ ಉಳಿದೆ. ಮಿಕ್ಕದ್ದಕ್ಕೆ ಹೇಗೂ ಚೀಟಿ ಇತ್ತಲ್ಲ.

ಸೆಕ್ರೆಟರಿ ಅವಳ ಕೈಗಳನ್ನೇ ನೋಡುತ್ತಿದ್ದ. ಮುಖದ ಸಿಡುಕು ಇಳಿದಿತ್ತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ.

“ಏನ್ ಹೇಳ್ತಿದ್ದಾರೆ ಅವರು?”

ಮೆಟ್ಟಿಲ ಮೇಲೆ ಅಕ್ಕಪಕ್ಕದವರು ಮತ್ತೆ ಬಂದು ನಿಂತಿದ್ದರು. ಸ್ವಲ್ಪ ಹೊತ್ತಿನ ಹಿಂದೆ ಇದೇ ಜನರೆದುರು ಅವಳ ಪರವಾಗಿ ಗಂಟಲು ಹರಿದುಕೊಂಡಿದ್ದೆ.

“ಗೊತ್ತಿಲ್ಲ ಸಾರ್,” ಎಂದೆ. “ಐವತ್ತೊಂದು ವರ್ಷದಿಂದ ನನ್ನಕ್ಕ. ಏನ್ ಹೇಳ್ತಿದ್ದಾಳೋ ನನಗೆ ಗೊತ್ತಿಲ್ಲ.”

ಅಕ್ಕ ನನ್ನ ತುಟಿಗಳನ್ನು ನೋಡಿದಳು. ಆಮೇಲೆ ಸೆಕ್ರೆಟರಿಯನ್ನು ಬಿಟ್ಟು ನನ್ನ ಕಡೆ ತಿರುಗಿ, ಮೊದಲಿನಿಂದ ಶುರು ಮಾಡಿದಳು.